ರೇಷ್ಮೆ ಮೊಟ್ಟೆ ಒಟ್ಟಿಗೆ ಒಡೆಯುತ್ತಿಲ್ಲ, ಎರಡನೇ ಬೆಳೆಯೂ ಹೀಗೇ ಆಯ್ತು

ಮಳವಳ್ಳಿ ರೇಷ್ಮೆಮನೆ:
ಮೊದಲ ದಿನ ಕಾಲು ಭಾಗ ಮರಿ ಬಂತು. ಮಾರನೇ ದಿನ ಅರ್ಧ. ಮಿಕ್ಕಿದ್ದು ಮೂರನೇ ದಿನ. ಈಗ ಒಂದೇ ತಟ್ಟೆಯಲ್ಲಿ ಕೆಲವು ಜ್ವರಕ್ಕೆ (ಪೊರೆ ಬಿಡೋಕೆ) ಕೂತಿವೆ, ಕೆಲವು ಸೊಪ್ಪು ತಿನ್ನುತ್ತಿವೆ. ಕತ್ತಲೆ ಪೆಟ್ಟಿಗೆ ಎಲ್ಲಾ ಸರಿಯಾಗೇ ಮಾಡಿದ್ದೇನೆ. ತಲೆ ಕೆಟ್ಟಿದೆ.

ಚಾಕಿ ಮಾಮ:
ತೇವ ಕಮ್ಮಿ. ಬೇರೇನೂ ಅಲ್ಲ.

ಮಳವಳ್ಳಿ ರೇಷ್ಮೆಮನೆ:
ಒದ್ದೆ ಗೋಣಿಚೀಲ ಕಟ್ಟಿದ್ದೇನೆ ಮಾಮ. ಮೀಟರಲ್ಲಿ 82 ಇತ್ತು, ಶಾಖ 25 ಡಿಗ್ರಿ.

ಚಾಕಿ ಮಾಮ:
ಸಂತೆ ಮೀಟರ್ ನಂಬ್ತಾರಾ? ಒದ್ದೆ ಬತ್ತಿ ಥರ್ಮಾಮೀಟರ್ ಇಡು. ನಮ್ಮ ಮನೆಗೆ ಫಾಗರ್ ಹಾಕಿಸಿದ್ದೀನಿ, ಗೋಡೆಯೇ ಬೆವರುತ್ತೆ.

ನರಸೀಪುರದವ:
ಮಾಮ, ಎಲ್ಲದಕ್ಕೂ ತೇವ ಅಂತೀರಿ. ಮಳವಳ್ಳಿಯವರೇ, ತಳಿ ಯಾವುದು? ಯಾವಾಗ ಕತ್ತಲೆಗೆ ಇಟ್ಟಿರಿ?

ಮಳವಳ್ಳಿ ರೇಷ್ಮೆಮನೆ:
ಎಫ್‌ಸಿ1×ಎಫ್‌ಸಿ2. ಮೊಟ್ಟೆ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡ ದಿನ. ಎರಡು ದಿನ ಪೂರ್ತಿ ಕತ್ತಲೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದಾಗ ಮೋಟಾರ್ ಹಾಕೋಕೆ ಏಳ್ತೀನಲ್ಲ, ಆಗ ಮಾತ್ರ ಬಟ್ಟೆ ಎತ್ತಿ ಟಾರ್ಚಲ್ಲಿ ನೋಡ್ತೀನಿ.

ನರಸೀಪುರದವ:
ಇದನ್ನ ಮೊದಲೇ ಹೇಳಬಾರದಿತ್ತಾ! ಮೊಟ್ಟೆಯೊಳಗಿನ ಹುಳುವಿಗೂ ಹೊತ್ತು ಗೊತ್ತಾಗುತ್ತೆ. ಟಾರ್ಚ್ ಬಿಟ್ಟರೆ ಅದಕ್ಕೆ ಬೆಳಗಾಯಿತು. ಬೆಳೆದು ತಯಾರಾಗಿದ್ದವು ಹೊರಗೆ, ಉಳಿದವು ಮಾರನೇ ಬೆಳಗಿಗೆ ಕಾಯುತ್ತವೆ. ಮುಂದಿರೋವನ್ನ ತಡೆದು ಹಿಂದಿರೋವು ಬಂದು ಸೇರಲಿ ಅಂತಲೇ ಕತ್ತಲೆಗೆ ಇಡೋದು. ಮೂರನೇ ದಿನ ಬೆಳಗ್ಗೆ ಆರಕ್ಕೆ ಒಂದೇ ಸಲ ಬೆಳಕಿಗೆ ತೆಗೀರಿ, ಒಂಬತ್ತು ಹತ್ತರ ಹೊತ್ತಿಗೆ ಚಾಕಿ ಕಟ್ಟಬಹುದು, ಅಂದ್ರೆ ಮರಿಗಳನ್ನ ತಟ್ಟೆಗೆ ಬಿಟ್ಟು ಮೊದಲ ಸೊಪ್ಪು ಹಾಕಬಹುದು.

ಹಳೇ ಮೇಷ್ಟ್ರು:
ಗಡಿಯಾರ ಇರೋದು ಮೆದುಳಲ್ಲಿ. 1970ರಲ್ಲಿ ಅಮೆರಿಕದ ಟ್ರೂಮನ್, ರಿಡಿಫೋರ್ಡ್ ಎಂಬಿಬ್ಬರು ಎರಡು ಜಾತಿ ಕಾಡುರೇಷ್ಮೆ ಪತಂಗಗಳ ಮೆದುಳನ್ನು ಕೋಶದಲ್ಲಿರುವಾಗಲೇ ಅದಲುಬದಲು ಮಾಡಿದರು. ಒಂದು ಜಾತಿ ಬೆಳಗ್ಗೆ ಹೊರಬರೋದು, ಇನ್ನೊಂದು ಸಂಜೆ ಮುಂಚೆ. ಮೆದುಳು ಯಾರದ್ದೋ ಹೊತ್ತೂ ಅವರದ್ದೇ ಆಯ್ತು.

ಚಾಕಿ ಮಾಮ:
ಮೆದುಳು ಗಿದುಳು ಬಿಡಿ ಮೇಷ್ಟ್ರೇ. ಟಾರ್ಚ್ ಅಂತೆ. ನಮ್ಮಪ್ಪ ಲಾಟೀನು ಹಿಡಿದೇ ನೋಡ್ತಿದ್ದ.

ನರಸೀಪುರದವ:
ನಿಮ್ಮಪ್ಪನ ಬೆಳೆ ಒಟ್ಟಿಗೆ ಬರ್ತಿತ್ತಾ?

ಮಳವಳ್ಳಿ ರೇಷ್ಮೆಮನೆ:
ಜಗಳ ಆಮೇಲೆ ಆಡಿ. ಈಗಿರೋ ತಟ್ಟೆಗೆ ಏನು ಮಾಡಲಿ?

ನರಸೀಪುರದವ:
ಬಲೆ ಹಾಸಿ ಮೇಲೆ ಸೊಪ್ಪು ಹಾಕಿ. ಹಸಿದವು ಮೇಲೆ ಹತ್ತುತ್ತವೆ, ಎತ್ತಿ ಬೇರೆ ತಟ್ಟೆಗೆ ಬಿಡಿ. ಕೂತಿರೋವನ್ನ ಮುಟ್ಟಬೇಡಿ.

ಪಾಂಡವಪುರ ಹೊಸಬ:
ಮಾಮ, ಆ ಫಾಗರ್ ಎಷ್ಟಾಯ್ತು?