ಇರುವೆ ವೇಷದ ಈ ಜೇಡ ಯಾವ ಕುಟುಂಬದ್ದು?

ತೋಟದಮನೆ: ಅಡಿಕೆ ತೋಟದ ತರಗೆಲೆ ಮೇಲೆ ಗೊದ್ದಗಳ ನಡುವೆ ಓಡಾಡುತ್ತಿತ್ತು. ಮೈ ಕಪ್ಪು, ಹೊಟ್ಟೆಯ ಮೇಲೆ ಬಿಳಿ ಪಟ್ಟೆ. ಮುಂಗಾಲು ಎತ್ತಿ ಇರುವೆಯ ಕುಡಿಮೀಸೆಯಂತೆ ಆಡಿಸುತ್ತದೆ. ಕಾಲು ಎಂಟಿವೆ, ಜೇಡವೇ. ಫೋಟೊ ಹಾಕಿದ್ದೇನೆ, ಯಾವುದು?

ಹಸಿರುಗಣ್ಣು: ಮಿರ್ಮರಾಕ್ನೆ. ಇರುವೆ ವೇಷ ಅಂದ್ರೆ ಅದೇ ಅಲ್ವಾ?

ಎಂಟುಕಾಲು: ಅಲ್ಲ ಸರ್. ಮಿರ್ಮರಾಕ್ನೆ ಜಿಗಿಯುವ ಜೇಡ. ಅದರ ಮುಂದಿನ ನಡುವಿನ ಎರಡು ಕಣ್ಣು ಲಾರಿ ಹೆಡ್‌ಲೈಟ್ ಥರ ದೊಡ್ಡವು. ಇದಕ್ಕೆ ಎಂಟೂ ಸಣ್ಣವು, ಎರಡು ಸಾಲಿನಲ್ಲಿವೆ. ಕೊರಿನ್ನಿಡೆ ಕುಟುಂಬ ಅನ್ನಿಸುತ್ತದೆ. ವೇಷ ನೋಡಿ ಕುಟುಂಬ ಹೇಳಲಾಗದು. ಚಗಳಿ ಇರುವೆಯನ್ನೇ ತಗೊಳ್ಳಿ. ಜಿಗಿಯುವ ಜೇಡವೂ ಅದರ ವೇಷ ಹಾಕುತ್ತದೆ, ಏಡಿ ಜೇಡಗಳ ಅಮಿಸಿಯಾವೂ ಹಾಕುತ್ತದೆ.

ಹಳೇಪುಸ್ತಕ: ಕೊರಿನ್ನಿಡೆ ಎಲ್ಲಿಂದ ಬಂತು? 1991ರಲ್ಲಿ ಜೇಡ ತಜ್ಞರಾದ ಮಜುಂದಾರ್, ಟಿಕಾದರ್ ಇಂಥವನ್ನೆಲ್ಲ ಕ್ಲುಬಿಯೋನಿಡೆ ಕುಟುಂಬದಲ್ಲಿ ಇಟ್ಟಿದ್ದರು. ಹೀಗೆ ಮನೆ ಬದಲಿಸುತ್ತಾ ಹೋದರೆ ನಮ್ಮಂಥವರು ಕಲಿಯುವುದು ಹೇಗೆ?

ಎಂಟುಕಾಲು: ಹಿಂದೆ ಬಲೆ ಕಟ್ಟದೆ ಅಲೆಯುವ, ಕಾಲ ತುದಿಯಲ್ಲಿ ಎರಡೇ ಉಗುರಿರುವ ಎಷ್ಟೋ ಜೇಡಗಳನ್ನು ಕ್ಲುಬಿಯೋನಿಡೆಗೆ ತುಂಬಿದ್ದರು. ಅವೆಲ್ಲ ಹತ್ತಿರದ ನೆಂಟರಲ್ಲ, ಹಾಗಾಗಿ ಬೇರೆ ಮಾಡಿದರು. ಕೊರಿನ್ನಿಡೆ ಹೊಸ ಹೆಸರೇನೂ ಅಲ್ಲ, ಕಾರ್ಶ್ ಎಂಬ ತಜ್ಞ 1880ರಲ್ಲೇ ಇಟ್ಟದ್ದು. ಆಮೇಲೆ ಅದೂ ಒಡೆಯಿತು. 2014ರಲ್ಲಿ ರಮಿರೆಜ್ ಎಂಬ ತಜ್ಞರು ಟ್ರಕೆಲಿಡೆ, ಫ್ರುರೊಲಿಥಿಡೆ ಎರಡನ್ನೂ ಅದರಿಂದ ಹೊರಗೆ ತೆಗೆದು ಬೇರೆ ಕುಟುಂಬ ಮಾಡಿದರು.

ಭೂತಗನ್ನಡಿ: ಕುಟುಂಬ ಹೇಳಲೂ ಇಷ್ಟು ಅವಸರ ಬೇಡ. ನ್ಯಾಫೋಸಿಡೆ ಕುಟುಂಬದವೂ ನೆಲದಲ್ಲೇ ಓಡುತ್ತವೆ, ಕೆಲವು ಇರುವೆಯಂತೆಯೂ ಕಾಣುತ್ತವೆ. ಬಾಲದ ಕಡೆಯ ನೂಲುಕೊಳವೆ ನೋಡಬೇಕು. ನ್ಯಾಫೋಸಿಡೆಗಳಲ್ಲಿ ಸಾಮಾನ್ಯವಾಗಿ ಮುಂದಿನ ಜೋಡಿ ಕೊಳವೆ ಉರುಟಾಗಿ, ನಡುವೆ ಜಾಗ ಬಿಟ್ಟು ನಿಂತಿರುತ್ತವೆ.

ತೋಟದಮನೆ: ನಾನು ಕೊರಿನ್ನಿಡೆಯ ಕೊರಿನ್ನೊಮಾ ಸಿವೆರಮ್ ಪ್ರಭೇದ ಅಂತ ಬರೆದುಕೊಂಡಿದ್ದೆ. ನೆಟ್‌ನಲ್ಲಿ ಫೋಟೊ ಥೇಟ್ ಹಾಗೇ ಇದೆ.

ಭೂತಗನ್ನಡಿ: ಅದೇ ಕುಟುಂಬದ ಕ್ಯಾಸ್ಟಿಯಾನೀರಾಗಳಲ್ಲೂ ಬಿಳಿ ಪಟ್ಟೆ ಬರುತ್ತದೆ. ಪ್ರಭೇದ ಹೇಳಬೇಕಾದರೆ ಕೂಡುವ ಅಂಗಗಳನ್ನು, ಅಂದರೆ ಗಂಡಿನ ಬಾಯಿ ಪಕ್ಕದ ಪಾಲ್ಪ್, ಹೆಣ್ಣಿನ ಹೊಟ್ಟೆಯಡಿಯ ಎಪಿಗೈನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮರಿಯಾದರೆ ಅದೂ ಬೆಳೆದಿರುವುದಿಲ್ಲ.

ಹಸಿರುಗಣ್ಣು: ಅಂದ್ರೆ ಸುಮ್ನೆ ಒಂದು ಹೆಸರಿಗೋಸ್ಕರ ಸಾಯಿಸಬೇಕಾ?

ಎಂಟುಕಾಲು: ನಾನಂತೂ ಸಾಯಿಸುವುದಿಲ್ಲ. ಕೊರಿನ್ನಿಡೆ ಅಂತ ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದರೆ ಏನು ನಷ್ಟ?

ಭೂತಗನ್ನಡಿ: ಯಾರೂ ಯಾವತ್ತೂ ಹಿಡಿಯದೇ ಇದ್ದಿದ್ದರೆ ನಮಗೆ ಹೋಲಿಸಲು ಹೆಸರುಗಳೇ ಇರುತ್ತಿರಲಿಲ್ಲ. ಆದರೆ ಇದಕ್ಕೆ ಅಷ್ಟೆಲ್ಲ ಬೇಡ. ಗಾಜಿನ ಲೋಟದೊಳಗೆ ಬಿಟ್ಟು ಕೆಳಗಿಂದ ಒಂದು ಫೋಟೊ ತೆಗೀರಿ, ನೂಲುಕೊಳವೆ ಕಂಡರೂ ಸಾಕು.

ತೋಟದಮನೆ: ಓಟ ಜಾಸ್ತಿ ಸರ್ ಅದರದ್ದು. ಸಿಕ್ಕಿದರೆ ಹಾಕುತ್ತೇನೆ.