ಪದ ಬೇಕು: ಜಿಪಿಎಸ್‌ಗೆ ಹಾಕುವ, ಚಾರ್ಜ್ ಮಾಡಿ ಮತ್ತೆ ಬಳಸುವ ಸೆಲ್‌ಗೆ ಏನೆನ್ನೋಣ? (ಬೋರ್ಡು ಬರೆಸಬೇಕು)

ಮೂಡಿಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಶನಿವಾರದ ಒಳಗೆ ಬೇಕು. ಬೋರ್ಡು ಬರೆಯುವವರು ಆವತ್ತೇ ಬರುವುದು.

ನಾವು ಕೆಲವು ಕಾಫಿ ಬೆಳೆಗಾರರು ಸೇರಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಆರು ತಗೊಂಡಿದ್ದೇವೆ. ಯುರೋಪಿಗೆ ಹೋಗುವ ಕಾಫಿ ಯಾವ ಜಾಗದಲ್ಲಿ ಬೆಳೆದದ್ದು ಅಂತ ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು ಅನ್ನುವ ಕಾನೂನನ್ನು ಅವರು 2023ರಲ್ಲಿ ಮಾಡಿದ್ದಾರೆ. ತುಂಡು 4 ಹೆಕ್ಟೇರಿಗಿಂತ ದೊಡ್ಡದಾದರೆ ಒಂದು ಚುಕ್ಕಿ ಸಾಲದು, ಗಡಿ ಪೂರ್ತಿ ಬೇಕು. ಹಾಗಾಗಿ ಈ ಆರು ಜಿಪಿಎಸ್ ತೋಟದಿಂದ ತೋಟಕ್ಕೆ, ಕೈಯಿಂದ ಕೈಗೆ ಸುತ್ತುತ್ತಿವೆ. ಒಂದೊಂದಕ್ಕೂ ಎರಡು ಪೆನ್ಸಿಲ್ ಸೆಲ್. ಅಂಗಡಿಯ ಮಾಮೂಲಿ ಸೆಲ್ ಅಲ್ಲ, ಚಾರ್ಜರಿನಲ್ಲಿಟ್ಟು ಮತ್ತೆ ಬಳಸುವ ನಿಕಲ್ ಮೆಟಲ್ ಹೈಡ್ರೈಡ್. ಅಳತೆ ಮಾತ್ರ ಎರಡಕ್ಕೂ ಒಂದೇ. ತೊಂದರೆ ಶುರುವಾಗುವುದೇ ಅಲ್ಲಿ.

ಹೋದ ವಾರ ಸಂಜೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರಿಗೆ "ಬ್ಯಾಟರಿ ಚಾರ್ಜಿಗೆ ಹಾಕಿಬಿಡಪ್ಪಾ" ಅಂದೆ. ಬೆಳಿಗ್ಗೆ ಗೋಡೌನಿಗೆ ಹೋಗಿ ನೋಡಿದರೆ ಪ್ಲಗ್ಗಿನಲ್ಲಿ ಟಾರ್ಚು ಸಿಕ್ಕಿಸಿದ್ದಾನೆ, ಹಸಿರು ದೀಪ ಉರಿಯುತ್ತಿದೆ. ಜಿಪಿಎಸ್ ಪಕ್ಕದ ಮೊಳೆಗೆ ಚೀಲದಲ್ಲೇ ನೇತಾಡುತ್ತಿದೆ. ಅವನ ತಪ್ಪು ಏನೂ ಇಲ್ಲ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚೇ ಅಲ್ವಾ? "ಬ್ಯಾಟ್ರಿ ಬಿಡು" ಅಂದರೆ ಬೆಳಕು ಬಿಡು ಅಂತ. ಒಳಗೆ ಹಾಕುವುದು ಶೆಲ್ಲು. ಆವತ್ತು ಹಳ್ಳದ ಬದಿಯ ಗಡಿ ಸುತ್ತುವಾಗ ಅರ್ಧ ದಾರಿಯಲ್ಲಿ ಪರದೆ ಆರಿತು, ನಾಲ್ಕು ಆಳು ಸುಮ್ನೆ ವಾಪಸ್ ಬಂದರು.

ಅದಕ್ಕೂ ಮೊದಲು ಇನ್ನೊಬ್ಬರು ಮಾಮೂಲಿ ಸೆಲ್ಲನ್ನೇ ಚಾರ್ಜರಿಗೆ ಹಾಕಿದ್ದರು. ಸೋರಿ, ಸ್ಪ್ರಿಂಗಿನ ಮೇಲೆ ಬಿಳೀ ಉಪ್ಪಿನಂಥದ್ದು ಕಟ್ಟಿಕೊಂಡಿತ್ತು. ಅದು ಕೈಗೆ ತಾಗಿದರೂ ಉರಿ.

ಹಾಗಾಗಿ ಚಾರ್ಜರ್ ಪೆಟ್ಟಿಗೆಯ ಮೇಲೆ ಬರೆಸಲಿಕ್ಕೆ ಪದ ಬೇಕು. ಓದುವವರು ತೋಟದ ಕೆಲಸದವರು, ಮೇಸ್ತ್ರಿ, ರೈಟರ್. ಓದಿದ ಕೂಡಲೇ ತಿಳಿಯಬೇಕು.

ಮೈಸೂರಿನಿಂದ:

ಮರುಪೂರಣ ವಿದ್ಯುತ್ಕೋಶ. ಪಠ್ಯಪುಸ್ತಕದಲ್ಲಿ ಶುಷ್ಕಕೋಶ, ವಿದ್ಯುತ್ಕೋಶ ಎಂಬ ಪದಗಳು ಎಷ್ಟೋ ವರ್ಷದಿಂದ ಇವೆ. ಚರ್ಚೆಗೆ ಏನೂ ಉಳಿದಿಲ್ಲ.

ಅರಸೀಕೆರೆಯಿಂದ:

ಚರ್ಚೆಗೆ ಬೇಕಾದಷ್ಟಿದೆ ಮೇಷ್ಟ್ರೇ. ನಮ್ಮ ತಾಲ್ಲೂಕಿನಲ್ಲಿ ಮರುಪೂರಣ ಅಂದರೆ ಬೋರ್‌ವೆಲ್ ಪಕ್ಕ ಗುಂಡಿ ತೆಗೆದು, ಜಲ್ಲಿ ತುಂಬಿ, ಮಳೆ ನೀರು ಇಂಗಿಸುವುದು. ಪದ ಚೆನ್ನಾಗಿ ಬೇರುಬಿಟ್ಟಿದೆ, ರೈತರ ಬಾಯಲ್ಲೇ ಇದೆ, ಆದರೆ ನೀರಿಗೆ. ಅದನ್ನು ಸೆಲ್ಲಿಗೆ ಅಂಟಿಸಿದರೆ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು. ಹೋದ ತಿಂಗಳು ಇಲ್ಲೇ ಯಾರೋ ಬರೆದ ಪದವನ್ನು ಅರಿಸಮಾಸ, ಅಂದರೆ ಕನ್ನಡ ಸಂಸ್ಕೃತ ಬೆರೆಸಿದ ಸಮಾಸ, ಎಂದು ಹೊಡೆದುಹಾಕಿದವರು ನೀವೇ. ಮರು ಕನ್ನಡ, ಪೂರಣ ಸಂಸ್ಕೃತ. ಇದು ಯಾವ ಸಮಾಸ?

ಮೈಸೂರಿನಿಂದ:

ಮರುದಿನ, ಮರುಜನ್ಮ ಎಲ್ಲರೂ ಒಪ್ಪಿದ ಪದಗಳು. ಹಿಂದಿನ ಕವಿಗಳು ಬಳಸಿದ್ದರೆ ಅರಿಸಮಾಸ ಸಲ್ಲುತ್ತದೆ ಎಂದು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಹೇಳಿದ್ದಾನೆ. ನಿಯಮ ಓದಿ ಬನ್ನಿ.

ಅರಸೀಕೆರೆಯಿಂದ:

ಯಾವ ಹಿಂದಿನ ಕವಿ ಮರುಪೂರಣ ಅಂದಿದ್ದಾನೆ, ಸಾಲು ತೋರಿಸಿ.

ಬೆಂಗಳೂರಿನಿಂದ (ಊರು ಬಾಣಾವರ):

ನೀವಿಬ್ಬರೂ ಸಂಸ್ಕೃತದ ಅಂಗಳದಲ್ಲೇ ಜಗಳ ಆಡುತ್ತಿದ್ದೀರಿ. ಕನ್ನಡದ್ದೇ ಒಂದು ಬೇರು ಇದೆ: ತೀವು. ಹಳಗನ್ನಡದಲ್ಲಿ ತೀವು ಎಂದರೆ ತುಂಬು, ತೀವಿದ ಎಂದರೆ ತುಂಬಿದ. ಎರಡೇ ಅಕ್ಷರ, ಮಹಾಪ್ರಾಣ ಇಲ್ಲ, ಒತ್ತಕ್ಷರ ಇಲ್ಲ. ಇಷ್ಟು ಒಳ್ಳೆಯ ಪದ ಕೈಬಿಟ್ಟದ್ದೇ ನಮ್ಮ ತಪ್ಪು. ಸೆಲ್‌ಗೆ ಗೂಡು ಅನ್ನೋಣ. ಇಂಗ್ಲಿಷಿನ ಸೆಲ್ ಕೂಡ ಲ್ಯಾಟಿನ್ನಿನಲ್ಲಿ ಸಣ್ಣ ಕೋಣೆ ಎಂಬ ಪದದಿಂದಲೇ ಬಂದದ್ದು. ಹಾಗಾಗಿ ಮಿಂಚು ಇರುವ ಗೂಡು ಮಿಂಗೂಡು, ಮತ್ತೆ ತುಂಬಿಸುವಂಥದ್ದು ತೀವುಮಿಂಗೂಡು. ಬೋರ್ಡಿನಲ್ಲಿ ಇದನ್ನೇ ಬರೆಸಿ. ನಾಲ್ಕು ದಿನ ನೋಡಿದರೆ ಎಲ್ಲರಿಗೂ ಒಗ್ಗುತ್ತದೆ.

ಮೂಡಿಗೆರೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ತೀವು ನನಗೂ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡಿಯೇ ಬಿಟ್ಟೆ. ಒಂದು ರಟ್ಟಿನ ಮೇಲೆ "ತೀವಿದ ಸೆಲ್" ಅಂತ ಬರೆದು ಕಣದಲ್ಲಿದ್ದ ಮೂವರಿಗೆ ತೋರಿಸಿದೆ. ಇಬ್ಬರು ಒಂದೇ ಮಾತು ಹೇಳಿದರು: "ತೀರಿದ ಸೆಲ್ಲಾ ಅಣ್ಣಾ? ಹಾಗಾದ್ರೆ ಬಿಸಾಡಬೇಕಾ?" ಮೂರನೆಯವರು ವ ತಪ್ಪಿ ಬಿದ್ದಿದೆ, ರ ಆಗಬೇಕು ಅಂತ ತಿದ್ದಿದರು.

ನೋಡಿ, ತುಂಬಿದ ಸೆಲ್ ಅಂತ ಹೇಳಹೊರಟರೆ ಮುಗಿದ ಸೆಲ್ ಅಂತ ಕೇಳಿಸುತ್ತದೆ. ಒಂದು ಸೆಲ್‌ಗೆ ನೂರಾರು ರೂಪಾಯಿ ಕೊಟ್ಟಿದ್ದೇವೆ, ಕಸದ ಗುಂಡಿಗೆ ಹೋದರೆ ಯಾರು ಕೊಡುತ್ತಾರೆ? ಇದೇ ಬೇರನ್ನು ಕವಿತೆಗೆ ಬಳಸಿ, ನಾನೇ ಮೊದಲು ಓದುತ್ತೇನೆ. ಈ ಪೆಟ್ಟಿಗೆಗೆ ಆಗುವುದಿಲ್ಲ.

ಬೆಂಗಳೂರಿನಿಂದ:

ಮೂವರನ್ನು ಕೇಳಿ ಒಂದು ಬೇರನ್ನೇ ತಳ್ಳಿಹಾಕುವುದು ಸರಿಯಲ್ಲ.

ಹಾಸನದಿಂದ:

ನಾನು ಎಲೆಕ್ಟ್ರಿಕಲ್ ಕೆಲಸದವನು, ವ್ಯಾಕರಣ ನಿಮಗೇ ಬಿಟ್ಟೆ. ಆದರೆ ಮೂಡಿಗೆರೆಯವರ ರೈಟರ್ ಮಾಡಿದ್ದು ಇನ್ನೊಂದು ಲೆಕ್ಕದಲ್ಲೂ ಸರಿ. ಬ್ಯಾಟರಿ ಎಂಬುದು ಮೊದಲು ಫಿರಂಗಿಗಳ ಸಾಲಿನ ಹೆಸರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ವಿದ್ಯುತ್ ಹಿಡಿದಿಡುವ ಗಾಜಿನ ಹಲಗೆಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಈ ಹೆಸರು ಕೊಟ್ಟ. ಅಂದರೆ ಹಲವು ಸೇರಿದರೆ ಬ್ಯಾಟರಿ, ಒಂಟಿ ಇದ್ದರೆ ಸೆಲ್. ಕಾರಿನಲ್ಲಿರುವುದು ಬ್ಯಾಟರಿ, ಒಳಗೆ ಆರು ಸೆಲ್. ಜಿಪಿಎಸ್‌ಗೆ ಹಾಕುವ ಪೆನ್ಸಿಲ್ ಸೆಲ್, ಬರೀ ಸೆಲ್. ಬ್ಯಾಟರಿ ಅನ್ನುವುದನ್ನು ಬೋರ್ಡಿನಿಂದ ತೆಗೆಯಿರಿ.

ರೀಚಾರ್ಜ್ ಅಂತಲೂ ಬರೆಸಬೇಡಿ. ನಮ್ಮ ಜನಕ್ಕೆ ರೀಚಾರ್ಜ್ ಅಂದರೆ ಮೊಬೈಲಿಗೆ ಕರೆನ್ಸಿ ಹಾಕಿಸುವುದು, ದುಡ್ಡಿನ ವಿಷಯ. ಚಾರ್ಜ್ ಅನ್ನಿ. ಅದರಲ್ಲೂ ಹಿಂದುಮುಂದು ನೋಡಿಕೊಳ್ಳಿ. "ಸೆಲ್ ಚಾರ್ಜ್" ಅಂತ ಬರೆದರೆ ಬಸ್ ಚಾರ್ಜ್ ಥರ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. "ಚಾರ್ಜ್ ಸೆಲ್" ಅಂದರೆ ವಸ್ತು. ಹಾಸನದ ಅಂಗಡಿಗಳಲ್ಲಿ ಜನ ಕೇಳುವುದೂ ಹಾಗೇ: "ಚಾರ್ಜ್ ಸೆಲ್ ಇದೆಯಾ?"

ಪದ ಏನೇ ಆಗಲಿ, ಬೋರ್ಡಿನಲ್ಲಿ ಇನ್ನೊಂದು ಸಾಲು ಬೇಕು. ಮಾಮೂಲಿ ಸೆಲ್ 1.5 ವೋಲ್ಟ್, ಇದು 1.2. ಜಿಪಿಎಸ್ ಒಳಗೆ ಯಾವ ಬಗೆಯ ಸೆಲ್ ಎಂದು ಆರಿಸುವ ಜಾಗ ಇರುತ್ತದೆ. ಅಲ್ಲಿ ಬದಲಾಯಿಸದಿದ್ದರೆ ಚಾರ್ಜ್ ಇದ್ದರೂ ಕಡಿಮೆ ಇದೆ ಅಂತ ತೋರಿಸುತ್ತದೆ. ಜನ ಸೆಲ್ಲನ್ನು ಬೈಯುತ್ತಾರೆ, ತಪ್ಪು ಸೆಟ್ಟಿಂಗಿನದು. ಹಳೇದೊಂದು ಹೊಸದೊಂದು ಬೆರೆಸಿ ಹಾಕುವುದೂ ಬೇಡ, ಜೋಡಿ ಒಡೆಯಬಾರದು.

ಬೆಂಗಳೂರಿನಿಂದ:

ಹಾಗಾದರೆ ಚಾರ್ಜ್ ಇಂಗ್ಲಿಷ್, ಸೆಲ್ ಇಂಗ್ಲಿಷ್, ಜಿಪಿಎಸ್ ಇಂಗ್ಲಿಷ್. ಕನ್ನಡ ಎಲ್ಲಿದೆ? "ಹಾಕಬಾರದು" ಎಂಬ ಕ್ರಿಯಾಪದದಲ್ಲಿ ಮಾತ್ರವೇ? ನಮ್ಮ ಪಾಲಿಗೆ ಬರೀ ವಿಭಕ್ತಿ ಪ್ರತ್ಯಯ ಉಳಿದಿದೆ. ಪ್ರತಿ ಸಲವೂ "ಜನಕ್ಕೆ ತಿಳಿಯಬೇಕು, ಅರ್ಜೆಂಟಿದೆ" ಎಂದೇ ಪದ ಕೈಬಿಡುತ್ತೇವೆ. ಅರ್ಜೆಂಟಿಲ್ಲದ ದಿನ ಯಾವುದು? ಇದು ನನಗೆ ನಿಜವಾಗಿ ನೋವಿನ ವಿಷಯ.

ಬೇಲೂರಿನಿಂದ:

ನೋವು ಅರ್ಥವಾಗುತ್ತದೆ, ವಾದ ಒಪ್ಪುವುದಿಲ್ಲ. ಹಲ್ಮಿಡಿ ನಮ್ಮ ತಾಲ್ಲೂಕಿನದು. ಸುಮಾರು 450ರ ಶಾಸನ, ಹದಿನಾರು ಸಾಲು. ಶುರುವಾಗುವುದೇ ವಿಷ್ಣುವಿನ ಸಂಸ್ಕೃತ ಸ್ತುತಿಯಿಂದ, ಮುಂದೆಯೂ ಉದ್ದುದ್ದ ಸಂಸ್ಕೃತ ಸಮಾಸಗಳು. ಆದರೂ ಅದನ್ನು ಕನ್ನಡ ಶಾಸನ ಅಂತಲೇ ಕರೆಯುತ್ತೇವೆ, ಯಾಕೆ? ದಾನ ಕೊಡುವ ಜಾಗಕ್ಕೆ ಬಂದಾಗ "ಬಾಳ್ಗಳ್ಚು" ಕೊಟ್ಟರು ಅಂತ ಇದೆ. ಬಾಳು ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಯುದ್ಧ ಮಾಡಿದವನ ಕತ್ತಿ ತೊಳೆದು ಕೊಟ್ಟ ಭೂಮಿ. ಕೆಲಸ ನಡೆಯುವ ಜಾಗದಲ್ಲಿ ಕನ್ನಡ ಇದೆ. ಹೆಸರುಪದ ಹೊರಗಿನಿಂದ ಬಂದರೆ ಭಾಷೆ ಸಾಯುವುದಿಲ್ಲ ಅನ್ನುವುದಕ್ಕೆ ಕಲ್ಲಿನ ಸಾಕ್ಷಿಯೇ ನಮ್ಮೂರ ಹತ್ತಿರ ಇದೆ.

ಇನ್ನು ಕಾಫಿ ತೋಟದ ಮಾತು. ಕಾಫಿ ಅರಬಿ ಮೂಲದ್ದು, ಮೇಸ್ತ್ರಿ ಪೋರ್ಚುಗೀಸರದ್ದು, ಎಸ್ಟೇಟ್, ಪಲ್ಪರ್, ರೈಟರ್, ಲೈನ್ ಮನೆ ಎಲ್ಲ ಇಂಗ್ಲಿಷರದ್ದು. ಯಾವುದನ್ನು ತೆಗೆದು ಯಾವುದನ್ನು ಇಡುತ್ತೀರಿ?

ಬೆಂಗಳೂರಿನಿಂದ:

ಅದೇ ತೋಟದಲ್ಲಿ "ಹೂಮಳೆ" ಅಂತಾರೆ. ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆಗೆ ಇಂಗ್ಲಿಷರ ಹೆಸರು ಎದುರಿಗೇ ಇತ್ತು, ಜನ ಅದನ್ನು ಬಿಟ್ಟು ತಮ್ಮದೇ ಪದ ಕಟ್ಟಿಕೊಂಡರು. ಕಟ್ಟುವ ಶಕ್ತಿ ಇಲ್ಲ ಎಂದು ನಾನು ಒಪ್ಪುವುದಿಲ್ಲ.

ಬೇಲೂರಿನಿಂದ:

ಹೂಮಳೆಯನ್ನು ಬೆಂಗಳೂರಿನಲ್ಲಿ ಕೂತವರು ಕಟ್ಟಲಿಲ್ಲ.

ಅರಸೀಕೆರೆಯಿಂದ:

ಇಬ್ಬರೂ ನಿಲ್ಲಿಸಿ. ಅವರ ಪೆಟ್ಟಿಗೆ ಇನ್ನೂ ಖಾಲಿ ಇದೆ.

ಮೂಡಿಗೆರೆಯಿಂದ:

ನಿಲ್ಲಿಸುವುದು ಬೇಡ, ಹೂಮಳೆಯ ಮಾತು ನನಗೆ ದಾರಿ ತೋರಿಸಿತು. ಆ ಪದ ತೋಟದಲ್ಲಿ ಹುಟ್ಟಿದ್ದು, ನಾನು ಮಾತ್ರ ಇಲ್ಲಿ ಬಂದು ಕೇಳುತ್ತಿದ್ದೇನೆ. ಅದಕ್ಕೆ ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಎರಡೂ ಥರದ ಸೆಲ್ ತಗೊಂಡು ಹೋಗಿ ಕಣದಲ್ಲಿ ಚೀಲದ ಮೇಲೆ ಇಟ್ಟೆ. ಪದ ಹೇಳಲಿಲ್ಲ. "ಇದು ಯಾವುದು, ಅದು ಯಾವುದು, ನೀವೇ ಹೇಳಿ" ಅಂದೆ. ಚಾರ್ಜ್ ಆಗುವುದಕ್ಕೆ ಎಲ್ಲರೂ "ಚಾರ್ಜ್ ಶೆಲ್ಲು", ಒಬ್ಬರು "ಚಾರ್ಜಿಗೆ ಹಾಕೋದು". ಹಾಸನದವರು ಹೇಳಿದ್ದೇ ಬಂತು.

ಆದರೆ ನಿಜವಾದ ತೊಡಕು ಇದ್ದದ್ದು ಇನ್ನೊಂದರಲ್ಲಿ. ಮಾಮೂಲಿ ಸೆಲ್ಲಿಗೆ ಏನಂತೀರಿ ಅಂದರೆ ಯಾರಿಗೂ ಹೊಳೆಯಲಿಲ್ಲ. ಅದು ಬರೀ ಶೆಲ್ಲು, ಅಷ್ಟೇ. ಇಷ್ಟು ದಿನ ಬೇರೆ ಥರದ್ದು ಇರಲೇ ಇಲ್ಲವಲ್ಲ, ಹೆಸರು ಯಾಕೆ ಬೇಕಿತ್ತು? ಚಾರ್ಜರಿಗೆ ತಪ್ಪು ಸೆಲ್ ಹೋಗಿದ್ದೂ ಅದಕ್ಕೇ. "ಇದನ್ನು ಹಾಕಬೇಡ" ಅನ್ನಲಿಕ್ಕೆ ನಮ್ಮ ಹತ್ತಿರ ಪದವೇ ಇರಲಿಲ್ಲ. ನಾನು ಇಲ್ಲಿ ಕೇಳಿದ್ದೂ ಅರ್ಧ ಪ್ರಶ್ನೆ.

ಆಗ ಹಣ್ಣು ಆರಿಸುತ್ತಿದ್ದ ಒಬ್ಬರು ಅಮ್ಮ ಎರಡನ್ನೂ ಕೈಯಲ್ಲಿ ಹೊರಳಿಸಿ ನೋಡಿದರು. ಒಂದನ್ನು ಎತ್ತಿ, "ಇದು ಒಂದ್ಸಲದ್ದು. ಅದು ಹಂಗಲ್ಲ, ದಿನಾ ಬಳಸೋದು" ಅಂದರು. ಒಂದ್ಸಲದ್ದು! ಸುಮಾರು ಹದಿನೈದು ಮೇಲ್ ಬರೆದೆವು, ನಮ್ಮಲ್ಲಿ ಯಾರಿಗೂ ಇದು ಬರಲಿಲ್ಲ. ಬೆಂಗಳೂರಿನವರೇ, ಇದರಲ್ಲಿ ಸಂಸ್ಕೃತವೂ ಇಲ್ಲ, ಇಂಗ್ಲಿಷೂ ಇಲ್ಲ. ಒಪ್ಪುತ್ತೀರಾ?

ಬೋರ್ಡು ಹೀಗೆ ಬರೆಸುತ್ತಿದ್ದೇನೆ:

ಈ ಪೆಟ್ಟಿಗೆಗೆ ಚಾರ್ಜ್ ಸೆಲ್ ಮಾತ್ರ ಹಾಕಿ.
ಒಂದ್ಸಲದ ಸೆಲ್ ಹಾಕಬೇಡಿ. ಸೋರುತ್ತದೆ, ಸಿಡಿಯಲೂಬಹುದು.
ಜಿಪಿಎಸ್‌ನಿಂದ ತೆಗೆದ ಎರಡೂ ಸೆಲ್ ಒಟ್ಟಿಗೇ ಹಾಕಿ. ಜೋಡಿ ಒಡೆಯಬೇಡಿ.
ಸೆಲ್ ಹಾಕಿದ ಮೇಲೆ ಜಿಪಿಎಸ್‌ನಲ್ಲಿ ಸೆಲ್ ಬಗೆ ಸರಿ ಇದೆಯಾ ನೋಡಿ.

ಜೋಡಿ ಗೊತ್ತಾಗಲಿ ಅಂತ ಒಂದೊಂದು ಜೋಡಿಗೂ ಒಂದೊಂದು ಬಣ್ಣದ ಟೇಪು ಸುತ್ತಿದ್ದೇನೆ.

ಮೈಸೂರಿನಿಂದ:

"ಒಂದುಸಲದ" ಎಂದು ಬರೆಯಬೇಕು. "ಒಂದ್ಸಲ" ಬರಹಕ್ಕೆ ಸಲ್ಲದು.

ಬೆಂಗಳೂರಿನಿಂದ:

ಒಂದ್ಸಲದ್ದು ಒಳ್ಳೆಯ ಪದ, ಮನಸಾರೆ ಒಪ್ಪುತ್ತೇನೆ. ಆದರೆ ಸಲ ನಿಜಕ್ಕೂ ಕನ್ನಡದ್ದೇ ಎಂದು ಒಮ್ಮೆ ನೋಡಬೇಕು. ತೀವು ಬಿಟ್ಟಿಲ್ಲ, ಅದಕ್ಕೆ ಬೇರೆ ಮೇಲ್ ಹಾಕುತ್ತೇನೆ.

ಅರಸೀಕೆರೆಯಿಂದ:

ಬೋರ್ಡಿನಲ್ಲಿ ಸೆಲ್ ಅಂತ ಬರೆಸಿದಿರಾ, ಶೆಲ್ ಅಂತಲಾ?

ಮೂಡಿಗೆರೆಯಿಂದ:

ಸೆಲ್ ಅಂತಲೇ ಬರೆಸಿದೆ. ಪೇಂಟು ಒಣಗುವ ಮೊದಲೇ ರೈಟರ್ ಬಂದು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ. ಶುರುವಿಂದ ಕೊನೆಯವರೆಗೆ ಶೆಲ್ಲು ಅಂತಲೇ ಓದಿದ. ಆಮೇಲೆ ತಾನೇ ಕೆಂಪು ಟೇಪಿನ ಜೋಡಿ ತೆಗೆದು ಪೆಟ್ಟಿಗೆಗೆ ಹಾಕಿದ.