ಹೆಲ್ಮೆಟ್ ತೆಗೆದರೆ ಅಂಕ ಕಡಿಯಬೇಕೇ?

ಓದುಗರ ಸ್ಪಂದನ

ಹಿಂದಿನ ಸಂಚಿಕೆಯ ಸಮಸ್ಯೆ: ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಸಿನಿಮಾ ಬಳಗ ನಡೆಸುತ್ತೇನೆ. ಈ ಸಲದ ವಿಮರ್ಶೆ ಸ್ಪರ್ಧೆಗೆ ಬ್ರಿಟಿಷ್ ಕಾಮಿಕ್ಸ್‌ನ ಜಡ್ಜ್ ಡ್ರೆಡ್ (ಮುಂದಿನ ಕಾಲದ ನಗರವೊಂದರಲ್ಲಿ ಪೊಲೀಸೂ ನ್ಯಾಯಾಧೀಶನೂ ತಾನೇ ಆದ ಹೆಲ್ಮೆಟ್‌ಧಾರಿ) ಮೇಲೆ ಬಂದ ಎರಡೂ ಚಿತ್ರ ಇಟ್ಟಿದ್ದೇವೆ, 1995ರದು ಮತ್ತು 2012ರದು. ಕಾಮಿಕ್ಸ್ ಓದಿದ ಮೂರ್ನಾಲ್ಕು ಹುಡುಗರು ‘ಪುಸ್ತಕದಾಗ ಇದ್ದಂಗ ಇಲ್ಲಂದ್ರ ಫೇಲ್’ ಅನ್ನುತ್ತಾರೆ. ಉಳಿದವರು ‘ಫೈಟ್ ಛಲೋ ಅದ, ಹೀರೋ ಖಡಕ್ ಇದ್ದಾನ, ಮತ್ತೇನ್ ಬೇಕು’ ಅನ್ನುತ್ತಾರೆ. ಹೀರೋನೂ ಅಲ್ಲದ, ವಿಲನ್ನೂ ಅಲ್ಲದ ಇಂಥವನ ಚಿತ್ರವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಬರಹಗಳಿಗೆ ಅಂಕ ಹೇಗೆ ಕೊಡಲಿ?
– ಉಪನ್ಯಾಸಕಿ, ಕಲಬುರಗಿ

ಮೇಡಂ, ನಿಮ್ಮ ಹುಡುಗರು ಹಿಡಿದಿರುವ ಎರಡೂ ತಕ್ಕಡಿಯ ತೂಕ ಸುಳ್ಳು. ಬಾಯಿಮಾತಲ್ಲಿ ಹೇಳಿದರೆ ಒಪ್ಪುವುದಿಲ್ಲ, ಲೆಕ್ಕ ಹಾಕಿಸಿ. ಬೋರ್ಡಿನ ಮೇಲೆ ಎರಡು ಕಲಂ ಎಳೆದು, ಕಾಮಿಕ್ಸ್‌ನಿಂದ ಎತ್ತಿಕೊಂಡ ಸಾಮಾನನ್ನೆಲ್ಲ ಅವರಿಂದಲೇ ಬರೆಸಿ. 1995ರ ಕಲಂ ಬೋರ್ಡಿನ ತಳ ಮುಟ್ಟುತ್ತದೆ: ಡ್ರೆಡ್‌ನ ತದ್ರೂಪಿ ಸೋದರ ರಿಕೋ, ಏಂಜೆಲ್ ಕುಟುಂಬ, ಆ ಕುಟುಂಬದಲ್ಲಿ ಹಣೆಯ ಮೇಲೆ ತಿರುಗಿಸುವ ಗುಂಡಿ ಇರುವ ಮೀನ್ ಮಷೀನ್ ಎಂಬವನು, ನಗರದ ಗೋಡೆಯಾಚೆಯ ಶಾಪದ ನೆಲ, ಮುದಿ ಜಡ್ಜ್‌ಗಳು ಆ ನೆಲಕ್ಕೆ ಹೊರಡುವ ಕಡೆಯ ನಡಿಗೆ, ಡ್ರೆಡ್‌ನ ಜೊತೆಗಾತಿ ಜಡ್ಜ್ ಹರ್ಷಿ, ಡ್ರೆಡ್ ಕಥೆ ಬರುವ ಪತ್ರಿಕೆಯದೇ ಬೇರೊಂದು ಕಥೆಯಿಂದ ಕೈಗಡ ತಂದ ಯುದ್ಧದ ರೋಬೋ. 2012ರ ಕಲಂನಲ್ಲಿ ಒಂದು ಕಟ್ಟಡ, ಒಂದು ದಿನ, ಹೊಸ ಹುಡುಗಿ ಆ್ಯಂಡರ್ಸನ್, ಬಂದೂಕು, ಬೈಕು. ಮುಗೀತು. ಪುಸ್ತಕದಲ್ಲಿ ಇದ್ದದ್ದು ಎಷ್ಟು ಬಂತು ಅನ್ನುವುದೇ ಅಳತೆಯಾದರೆ 1995ರದಕ್ಕೆ ಫಸ್ಟ್ ಕ್ಲಾಸ್ ಕೊಡಬೇಕಾಗುತ್ತದೆ. ಇಷ್ಟೆಲ್ಲ ಸಾಮಾನು ತಂದ ಚಿತ್ರದಲ್ಲಿ ಇಲ್ಲದ್ದು ಒಂದೇ, ಡ್ರೆಡ್.

ಯಾಕೆ ಹೀಗಾಯಿತು ಅಂದರೆ ಕಥೆಯ ಕೀಲೇ ತಿರುಗಿತು. 1977ರಲ್ಲಿ ‘2000 ಎಡಿ’ ವಾರಪತ್ರಿಕೆಯ 2ನೇ ಸಂಚಿಕೆಗೆ ಬಂದ ಡ್ರೆಡ್ (ಕಥೆ ಜಾನ್ ವ್ಯಾಗ್ನರ್, ರೂಪ ಕಾರ್ಲೋಸ್ ಎಜ್ಕೆರಾ) ಹಿಡಿಯುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಕೊಲ್ಲುವವನೂ ಅವನೇ. ಕಾನೂನು ಕೆಟ್ಟುಹೋಯಿತು ಎಂದು ಆ ಕಾಮಿಕ್ಸ್ ಅಳುವುದಿಲ್ಲ. ಕಾನೂನು ಬರೋಬ್ಬರಿ ನಡೆದರೂ ಊರು ಹೀಗೇ ಇರುತ್ತದೆ ಎಂದು ನಗುತ್ತದೆ, ಕುಟುಕು ಇರುವುದು ಅಲ್ಲೇ. 1995ರ ಚಿತ್ರ ಡ್ರೆಡ್ ಮೇಲೆ ಸುಳ್ಳು ಕೊಲೆ ಕೇಸು ಹಾಕಿಸುತ್ತದೆ. ಆ ಗಳಿಗೆಯಿಂದ ಅವನು ಅನ್ಯಾಯಕ್ಕೆ ಸಿಕ್ಕ ಅಮಾಯಕ, ತಪ್ಪೆಲ್ಲ ಮೇಲೆ ಕೂತ ಸಂಚುಗಾರನದು, ಸಂಚುಗಾರ ಸತ್ತರೆ ಎಲ್ಲ ಸರಿ. ಇದು ಯಾವ ಪೊಲೀಸ್ ಹೀರೋಗಾದರೂ ಹೊಂದುವ ಕಥೆ.

2012ರ ಚಿತ್ರದ ಒಂದು ಚೂರನ್ನು ಇದರ ಪಕ್ಕ ಇಡಿ. ಪೀಚ್ ಟ್ರೀಸ್ ಎಂಬ 200 ಅಂತಸ್ತಿನ ಕಟ್ಟಡದ ಬಾಗಿಲಲ್ಲಿ ಒಬ್ಬ ನಿರ್ಗತಿಕ ಕೂತಿರುತ್ತಾನೆ. ನಾವು ತಿರುಗಿ ಬರುವಷ್ಟರಲ್ಲಿ ಇಲ್ಲಿರಬೇಡ ಎಂದು ಡ್ರೆಡ್ ಎಚ್ಚರಿಸಿ ಒಳಗೆ ಹೋಗುತ್ತಾನೆ. ಆಮೇಲೆ ಒಳಗಿನವರು ಇಡೀ ಕಟ್ಟಡ ಮುಚ್ಚಿದಾಗ ಆ ಭಾರದ ಬಾಗಿಲು ಈ ನಿರ್ಗತಿಕನ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಚಿತ್ರ ಅಲ್ಲಿ ನಿಲ್ಲುವುದೇ ಇಲ್ಲ, ಮುಂದೆ ಹೋಗುತ್ತದೆ. ಕಾಮಿಕ್ಸ್ ಆರು ಪುಟದಲ್ಲಿ ಮಾಡುವ ಕರಿನಗೆಯನ್ನು ಅದು ಕೆಲವೇ ಸೆಕೆಂಡಿನಲ್ಲಿ ಮುಗಿಸಿತು. ಇದನ್ನು ಗುರುತಿಸಿ ಬರೆದ ಹುಡುಗನಿಗೆ ಕೈತುಂಬ ಅಂಕ ಕೊಡಿ. ಹಣ ತಿಂದ ನಾಲ್ವರು ಜಡ್ಜ್‌ಗಳನ್ನು ಒಳಗೆ ಬಿಟ್ಟು 2012ರ ಚಿತ್ರವೂ ಅದೇ ಹಳೇ ಕುಣಿಗೆ ಒಂದು ಕಾಲು ಹಾಕಿದೆ. ಅದನ್ನು ಹಿಡಿದವನಿಗೆ ಇನ್ನೂ ಎರಡು ಹೆಚ್ಚು.
– ಗ್ರಂಥಪಾಲಕ, ಬೀದರ್

ಹೆಲ್ಮೆಟ್ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ, ಜಗಳವೆಲ್ಲ ಅಲ್ಲೇ ಶುರುವಾಗುವುದರಿಂದ. ಕಾಮಿಕ್ಸ್‌ನಲ್ಲಿ ಡ್ರೆಡ್‌ನ ಪೂರ್ತಿ ಮುಖ ತೋರಿಸುವುದಿಲ್ಲ. 1995ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಬೇಗನೇ ಹೆಲ್ಮೆಟ್ ಇಳಿಸಿ ಬಹುಪಾಲು ಚಿತ್ರ ಹಾಗೇ ಓಡಾಡಿದರು. 2012ರಲ್ಲಿ ಕಾರ್ಲ್ ಅರ್ಬನ್ ಕೊನೆಯವರೆಗೂ ಮುಖ ತೋರಿಸಲಿಲ್ಲ. ಇಷ್ಟು ಬರೆದು ‘ಆದ್ದರಿಂದ 2012ರದೇ ಶ್ರೇಷ್ಠ’ ಎಂದು ಮುಗಿಸಿದ ಬರಹಕ್ಕೆ ಪಾಸ್ ಮಾರ್ಕು ಸಾಕು, ಅದರಲ್ಲಿ ವಿಮರ್ಶೆ ಇನ್ನೂ ಹುಟ್ಟಿಲ್ಲ.

ಕೇಳಬೇಕಾದದ್ದು, ಹೆಲ್ಮೆಟ್ ಅವನ ಕಣ್ಣು ಮುಚ್ಚಿದ ಮೇಲೆ ಕಣ್ಣಿನ ಕೆಲಸ ಯಾರು ಮಾಡಿದರು? ಪ್ರೇಕ್ಷಕ ಯಾರ ಮುಖ ನೋಡಿ ಹೆದರಬೇಕು, ಕನಿಕರಪಡಬೇಕು? ಚಿತ್ರಕಥೆ ಬರೆದ ಅಲೆಕ್ಸ್ ಗಾರ್ಲಂಡ್ ಅದಕ್ಕೆ ಆ್ಯಂಡರ್ಸನ್‌ಳನ್ನು ತಂದಿದ್ದಾರೆ. ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಫೇಲಾದ ಹುಡುಗಿ, ಬೇರೆಯವರ ಮನಸ್ಸು ಓದಬಲ್ಲವಳು. ಹೆಲ್ಮೆಟ್ ಹಾಕಿದರೆ ಆ ಶಕ್ತಿಗೆ ಅಡ್ಡಿಯಾಗುತ್ತದೆ ಎಂದು ಕಥೆಯಲ್ಲೇ ನೆಪ ಇಟ್ಟು ಅವಳ ಮುಖ ಬಿಚ್ಚಿಟ್ಟರು. ಕೊಂದ ಮೇಲೆ ಆಗುವ ತಳಮಳವೆಲ್ಲ ಅವಳ ಮುಖದ ಮೇಲೆ ಬರುತ್ತದೆ, ಡ್ರೆಡ್ ಕಲ್ಲಾಗಿಯೇ ಉಳಿಯುತ್ತಾನೆ. ಅರ್ಬನ್ ಕೈಯಲ್ಲಿ ಉಳಿದದ್ದು ಕೆಳತುಟಿ, ಗದ್ದ, ದನಿ. ಬಾಯಿಯ ಎರಡೂ ತುದಿ ಕೆಳಕ್ಕೆ ಬಾಗಿದ ಆ ಗೆರೆ ಕಾಮಿಕ್ಸ್‌ನ ಚಿತ್ರಕಾರರು ಎಳೆದ ಗೆರೆಯೇ. ಹತ್ತು ನಿಮಿಷ ದನಿ ಬಂದ್ ಮಾಡಿ ತೋರಿಸಿದರೆ ಹುಡುಗರಿಗೆ ಇದು ಬೇಗ ಹೊಳೆಯುತ್ತದೆ.

ಇದೇ ಪ್ರಶ್ನೆ ಬೇರೆ ಕಡೆಗೂ ನಡೆಯುತ್ತದೆ. ಕಾಮಿಕ್ಸ್‌ನಿಂದಲೇ ಬಂದ ‘ವಿ ಫಾರ್ ವೆಂಡೆಟ್ಟಾ’ ಚಿತ್ರದಲ್ಲಿ ಹ್ಯೂಗೋ ವೀವಿಂಗ್ ಮುಖವಾಡ ತೆಗೆಯುವುದೇ ಇಲ್ಲ, ಅಲ್ಲಿ ಭಾರ ಹೊತ್ತದ್ದು ದನಿ. ಪಾತಕಿಗಳನ್ನು ತಾನೇ ಕೊಲ್ಲುವ ಪನಿಷರ್‌ನ 1989ರ ಚಿತ್ರದಲ್ಲಿ ಅವನ ಗುರುತಾದ ಎದೆಯ ಮೇಲಿನ ತಲೆಬುರುಡೆಯೇ ಕಾಣೆ. ಗುರುತು ಹೋಯಿತೆಂದು ಅಂಕ ಕಡಿಯಬೇಡಿ. ಗುರುತು ಮಾಡುತ್ತಿದ್ದ ಕೆಲಸಕ್ಕೆ ಬದಲಿ ಇಟ್ಟಿಲ್ಲವಾದರೆ ಕಡಿಯಿರಿ.
– ರಂಗ ನಿರ್ದೇಶಕ, ಕಲಬುರಗಿ

ಅಕ್ಕಾರ, ಒಂದೆರಡು ಪುಕ್ಕಟ ಮಾತು. ಹಿಂದಿ ಡಬ್ಬಿಂಗ್ ನೋಡಿ ಬರದ್ದು ತಗೋಬ್ಯಾಡ್ರಿ. ಡ್ರೆಡ್ ಮಾತಾಡೋದೇ ಕಮ್ಮಿ, ಆಡಿದ್ರ ಮೂರು ನಾಕು ಶಬ್ದ. ಡಬ್ಬಿಂಗ್‌ದಾಗ ಅದಕ್ಕ ಡೈಲಾಗಿನ ಮಸಾಲಿ ಹಚ್ಚಿದ್ರ ಮನಶ್ಯಾನೇ ಬ್ಯಾರೆ ಆಗ್ತಾನ. ಮೂಲ ದನಿ, ಕೆಳಗ ಅಕ್ಷರ, ಹಂಗ ತೋರಿಸ್ರಿ. ಟಿವ್ಯಾಗ ಬಂದದ್ದು ಕತ್ತರಿ ಬಿದ್ದದ್ದು ಇರ್ತದ, 2012ರದ್ದು ಪೂರಾ 95 ನಿಮಿಷ ಅದ ಏನು ನೋಡ್ಕೊಂಡು ಹಚ್ರಿ. ಅದು 3ಡಿಗಂತ ತಗದ ಚಿತ್ರ. ಹೊಗಿ, ನೀರಿನ ಹನಿ, ಗಾಜಿನ ಚೂರು ಕಣ್ಣ ಮುಂದ ತೇಲೋ ಶಾಟ್ ನಿಮ್ಮ ಪರದೆ ಮ್ಯಾಲ ಸಪ್ಪಗ ಕಾಣ್ತಾವ. ಅದು ಚಿತ್ರದ ತಪ್ಪಲ್ಲ.
– ಓದುಗ, ಯಾದಗಿರಿ

‘ಡಾರ್ಕ್ ಆಗಿದೆ’ ಎಂಬ ಒಂದು ಮಾತು ಪ್ರತಿ ಬರಹದಲ್ಲೂ ಸಿಗುತ್ತದೆ, ನೋಡಿ ಮೇಡಂ. ಅದಕ್ಕೆ ಅಡಿಗೆರೆ ಎಳೆದು ‘ಯಾವುದು?’ ಎಂದು ಬರೆದು ವಾಪಸ್ ಕೊಡಿ. ಬಣ್ಣ ಕಪ್ಪೋ, ಕಥೆ ಕಪ್ಪೋ, ಮನುಷ್ಯ ಕಪ್ಪೋ?

ನಮ್ಮೂರ ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಇಡೀ ಹೂಜಿಗೆ ಮೆತ್ತುತ್ತಾರೆ. ಕಪ್ಪು ಹತ್ತುವುದು ಸತು-ತಾಮ್ರದ ಮೈಗೆ, ಕೂರಿಸಿದ ಬೆಳ್ಳಿಗೆ ಹತ್ತುವುದಿಲ್ಲ. ಹೂಜಿ ಎಷ್ಟು ಕಪ್ಪಾಗಿದೆ ಎಂದು ಯಾರೂ ಬೆಲೆ ಕಟ್ಟುವುದಿಲ್ಲ, ಬೆಳ್ಳಿ ಎಲ್ಲಿ ಎದ್ದಿದೆ ಎಂದು ನೋಡುತ್ತಾರೆ. ಇಂಥ ಚಿತ್ರದಲ್ಲೂ ಎದ್ದು ಕಾಣುವಂತೆ ಕೂರಿಸಿದ್ದು ಏನು ಎಂದೇ ಹುಡುಕಬೇಕು. ಹಲವು ಸಲ ಅದು ಕೊಲೆಯೇ ಆಗಿರುತ್ತದೆ. ತಪ್ಪುವುದೂ ಗೆಲ್ಲುವುದೂ ಅಲ್ಲೇ.

ಸ್ಲೋ ಮೋಷನ್ ತೆಗೆದುಕೊಳ್ಳಿ. ‘ವಾಚ್‌ಮೆನ್’ ಕಾಮಿಕ್ಸ್‌ನಲ್ಲಿ ಚಿತ್ರಕಾರ ಡೇವ್ ಗಿಬ್ಬನ್ಸ್ ಪುಟವನ್ನು ಒಂಬತ್ತು ಸಮ ಚೌಕಗಳಾಗಿ ಒಡೆಯುತ್ತಾರೆ, ವೇಗದ ಗೆರೆ ಎಳೆಯುವುದಿಲ್ಲ. ಬಿದ್ದ ಏಟಿಗೂ ಮೇಜಿನ ಮೇಲಿನ ಲೋಟಕ್ಕೂ ಒಂದೇ ಅಳತೆಯ ಚೌಕ, ಏಟು ದೊಡ್ಡದು ಅನಿಸುವುದೇ ಇಲ್ಲ. ನಿರ್ದೇಶಕ ಝ್ಯಾಕ್ ಸ್ನೈಡರ್ 2009ರ ಚಿತ್ರದಲ್ಲಿ ಅದೇ ಏಟುಗಳನ್ನು ನಿಧಾನಗೊಳಿಸಿ ಹಿಗ್ಗಿಸಿದರು. ಚೌಕಗಳು ಹಾಗ್ಹಾಗೇ ಪರದೆಗೆ ಬಂದವು, ಅರ್ಥ ಮಾತ್ರ ಮಗುಚಿತು. ಎಚ್ಚರಿಕೆಯಾಗಿ ಹುಟ್ಟಿದ ರೋರ್ಶಾಕ್ ಎಂಬ ಮುಖವಾಡದವನು ಶಿಳ್ಳೆ ಹಾಕಿಸಿಕೊಳ್ಳುವವನಾದ. ಹೀರೋ ಎಂಟ್ರಿಗೆ ನಿಧಾನ ಹೆಜ್ಜೆ, ಗಾಳಿ, ಬಿಲ್ಡಪ್ಪು ನೋಡಿ ಬೆಳೆದ ನಮ್ಮ ಕಣ್ಣಿಗೆ ಇದು ತಪ್ಪೆಂದು ಹೊಳೆಯುವುದೂ ಕಷ್ಟ.

2012ರ ಡ್ರೆಡ್‌ನಲ್ಲೂ ಸ್ಲೋ ಮೋಷನ್ ಇದೆ, ಸೆಕೆಂಡಿಗೆ ಸಾವಿರಾರು ಫ್ರೇಮ್ ಹಿಡಿಯುವ ಕ್ಯಾಮೆರಾದಲ್ಲಿ ತೆಗೆದದ್ದು. ಅಲ್ಲಿ ಅದಕ್ಕೆ ಒಡೆಯ ಇದ್ದಾನೆ. ‘ಸ್ಲೋ-ಮೋ’ ಎಂಬ ಮಾದಕ ಸೇದಿದವನಿಗೆ ಕಾಲ ನೂರರಲ್ಲಿ ಒಂದು ಪಾಲಿನ ವೇಗಕ್ಕೆ ಇಳಿಯುತ್ತದೆ, ನಿಧಾನವಾಗಿ ಕಾಣುವುದು ಅಮಲಿನಲ್ಲಿ ಇರುವವನ ಕಾಲ. ಕೊನೆಯಲ್ಲಿ ಗ್ಯಾಂಗಿನ ಒಡತಿ ಮಾ-ಮಾ ಮಣಿಕಟ್ಟಿಗೆ ಒಂದು ಸಾಧನ ಕಟ್ಟಿಕೊಂಡಿರುತ್ತಾಳೆ, ಅವಳ ಎದೆಬಡಿತ ನಿಂತರೆ ಮೇಲಿನ ಅಂತಸ್ತುಗಳು ಸಿಡಿಯಬೇಕು. ಅಷ್ಟು ಅಂತಸ್ತಿನ ಕಾಂಕ್ರೀಟು ದಾಟಿ ಆ ಸಂಕೇತ ಮುಟ್ಟಲಾರದು ಎಂದು ಡ್ರೆಡ್ ಲೆಕ್ಕ ಹಾಕಿ, ಅವಳಿಗೆ ಅದೇ ಮಾದಕ ಕೊಟ್ಟು ಕೆಳಗೆ ಎಸೆಯುತ್ತಾನೆ. ಬೀಳುವುದು ಹೂವಿನಷ್ಟು ಚೆಂದ ಕಾಣುತ್ತದೆ, ಚೆಂದ ಕಂಡದ್ದಕ್ಕೆ ನೋಡುವವನಿಗೇ ಅಸಹ್ಯವಾಗುತ್ತದೆ. ಅದು ಶಿಕ್ಷೆಯೋ ಕ್ರೌರ್ಯವೋ ಎಂದು ಕೇಳಿಕೊಳ್ಳದ ಬರಹ ಈ ಚಿತ್ರವನ್ನು ಅರ್ಧವೇ ನೋಡಿದೆ.

ಇನ್ನೊಂದು, ಹಗಲು ಹೊತ್ತು ಪ್ರೊಜೆಕ್ಟರ್ ಹಾಕಬೇಡಿ. ಪ್ರೊಜೆಕ್ಟರಿಗೆ ಕಪ್ಪು ಚೆಲ್ಲಲು ಬರುವುದಿಲ್ಲ, ಪರದೆಯ ಮೇಲೆ ಏನೂ ಬೀಳದ ಜಾಗವೇ ಅದರ ಕಪ್ಪು. ಕಲಬುರಗಿಯ ಬಿಸಿಲು ಕಿಟಕಿ ಸಂದಿಯಿಂದ ಬಂದರೆ ಆ ಜಾಗ ಬೂದಿ ಬಣ್ಣವಾಗಿ, ಕಟ್ಟಡದೊಳಗಿನ ಅರ್ಧ ಚಿತ್ರ ತೊಳೆದುಹೋಗುತ್ತದೆ. ಸಂಜೆ ಏಳರ ಮೇಲೆ ಇಡಿ, ಟ್ಯೂಬ್‌ಲೈಟ್ ಎಲ್ಲ ಆರಿಸಿ.
– ಚಿತ್ರಕಲಾ ಶಿಕ್ಷಕಿ, ಬೀದರ್

ಮೇಲಿನ ಸಮಸ್ಯೆಯಲ್ಲೇ ಒಂದು ಎಡವಟ್ಟಿದೆ. ‘ಪುಸ್ತಕದಾಗ ಇದ್ದಂಗ’ ಅನ್ನುವ ಹುಡುಗರನ್ನು ಯಾವ ಪುಸ್ತಕ ಎಂದು ಕೇಳಿ. ಡ್ರೆಡ್ ಒಂದು ಕಾದಂಬರಿಯಲ್ಲ, 1977ರಿಂದ ವಾರ ವಾರ ಬರುತ್ತಿರುವ ಕಂತು. ಅಲ್ಲಿ ಒಂದು ವರ್ಷ ಕಳೆದರೆ ಅವನಿಗೂ ಒಂದು ವರ್ಷ ವಯಸ್ಸಾಗುತ್ತದೆ. 1982ರ ‘ಅಪೋಕಲಿಪ್ಸ್ ವಾರ್’ನಲ್ಲಿ ಶತ್ರು ನಗರವನ್ನೇ ಅಣ್ವಸ್ತ್ರದಿಂದ ಅಳಿಸಿಹಾಕುವವನೂ ಅವನೇ. 1990ರಲ್ಲಿ ವ್ಯಾಗ್ನರ್ ಬರೆದು ಕಾಲಿನ್ ಮೆಕ್‌ನೀಲ್ ಚಿತ್ರ ಬರೆದ ‘ಅಮೆರಿಕಾ’ ಕಥೆ ಇನ್ನೂ ಮುಂದೆ ಹೋಗಿ, ಪ್ರಜಾಪ್ರಭುತ್ವ ಕೇಳುವ ಹೆಣ್ಣುಮಗಳ ಕಡೆಯಿಂದ ಅವನನ್ನು ನೋಡುತ್ತದೆ. ಅಲ್ಲಿ ಅವನನ್ನು ಮೆಚ್ಚಲು ಜಾಗವೇ ಇಲ್ಲ. ಈ ಎರಡರಲ್ಲಿ ಯಾವ ಡ್ರೆಡ್‌ಗೆ ಚಿತ್ರ ನಿಷ್ಠವಾಗಿರಬೇಕು?

ನನ್ನ ಸಲಹೆ, ಸ್ಪರ್ಧೆಗೆ ಮೊದಲು ‘ಅಮೆರಿಕಾ’ದ ಏಳು ಕಂತಿನಲ್ಲಿ ಮೊದಲನೆಯದನ್ನು ಎಲ್ಲರಿಗೂ ಓದಿಸಿ. ಪುಸ್ತಕ ಒಂದೇ ಇದ್ದರೆ ಕೈಯಿಂದ ಕೈಗೆ ಹೋಗಲಿ. ಓದಿದವರು, ಓದದವರು ಎಂಬ ಭೇದ ಅಲ್ಲಿಗೆ ಮುಗಿಯುತ್ತದೆ. ಹಿಂದಿ ಕಾಮಿಕ್ಸ್‌ನ ಡೋಗಾ ಓದಿಕೊಂಡ ಹುಡುಗರು ನಮ್ಮ ಕಡೆ ಇದ್ದೇ ಇರುತ್ತಾರೆ. ನಾಯಿಮುಖವಾಡದ ಆ ಮುಂಬೈಕಾರನಿಗೂ ಡ್ರೆಡ್‌ಗೂ ಇರುವ ವ್ಯತ್ಯಾಸ ಒಂದು ಪ್ಯಾರಾದಲ್ಲಿ ಬರೆಸಿ: ಒಬ್ಬ ಕಾನೂನಿನ ಹೊರಗೆ ನಿಂತು ಕೊಲ್ಲುತ್ತಾನೆ, ಇನ್ನೊಬ್ಬ ಕಾನೂನೇ ಆಗಿ ಕೊಲ್ಲುತ್ತಾನೆ. ಇದು ತಿಳಿಯದಿದ್ದರೆ ಪನಿಷರ್, ಡ್ರೆಡ್, ಸ್ಪೈಡರ್‌ಮ್ಯಾನ್ ಕಥೆಯ ವೆನಮ್ ಎಲ್ಲವೂ ‘ಖಡಕ್ ಹೀರೋ’ ಎಂಬ ಒಂದೇ ಚೀಲಕ್ಕೆ ಬೀಳುತ್ತವೆ.

ಬೀದರಿನ ಗ್ರಂಥಪಾಲಕರು 1995ರ ಚಿತ್ರವನ್ನು ಪೂರ್ತಿ ತಳ್ಳಿಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಊರು ಕಾಣುವ ರೀತಿ, ಬೀದಿಯ ಗದ್ದಲ, ಜಿಯಾನಿ ವೆರ್ಸಾಚೆ ಹೊಲಿಸಿದ ಆ ಥಳಥಳ ಸಮವಸ್ತ್ರ, ಇವುಗಳಲ್ಲಿ ಕಾಮಿಕ್ಸ್‌ನ ಹುಚ್ಚುತನ 2012ರದಕ್ಕಿಂತ ಹೆಚ್ಚಿದೆ. 2012ರ ನಗರ ಇವತ್ತಿನ ಕೊಳೆಗೇರಿಯ ಹಾಗೆ ಕಾಣುತ್ತದೆ, ನಗು ಕಡಿಮೆ. 1995ರದು ಊರನ್ನು ಹಿಡಿಯಿತು, ಮನುಷ್ಯನನ್ನು ಬಿಟ್ಟಿತು ಎಂದು ಯಾರಾದರೂ ಬರೆದರೆ ಅದು ಸರಿಯಾದ ಓದು.
– ಓದುಗ, ಹುಮನಾಬಾದ್

ಅಂಕವನ್ನು ಹೇಗೆ ಹಂಚಬೇಕೆಂದು ಯಾರೂ ಲೆಕ್ಕ ಕೊಟ್ಟಿಲ್ಲವಾದ್ದರಿಂದ ಇದು. ಬರಹ 600 ಶಬ್ದಕ್ಕೆ ನಿಲ್ಲಲಿ, ಅದರಲ್ಲಿ ಕಥೆ ಹೇಳಲು 80 ಶಬ್ದ ಮಾತ್ರ. ಈ ಗೆರೆ ಎಳೆಯದಿದ್ದರೆ ಮುಕ್ಕಾಲು ಪಾಲು ಹಾಳೆ ಕಥೆಯಲ್ಲೇ ಹೋಗುತ್ತದೆ. ಒಟ್ಟು 25 ಅಂಕ ಇಟ್ಟುಕೊಳ್ಳಿ. ಕಾಮಿಕ್ಸ್ ಪುಟದಿಂದ ಒಂದು, ಚಿತ್ರದ ದೃಶ್ಯದಿಂದ ಒಂದು ಸಾಕ್ಷಿ ಎತ್ತಿ ಎದುರುಬದುರು ಇಟ್ಟದ್ದಕ್ಕೆ 10. ಬಿಟ್ಟದ್ದಕ್ಕೆ ಬದಲಿ ಏನಿದೆ ಎಂದು ವಾದಿಸಿದ್ದಕ್ಕೆ 7. ಅವನು ಕೊಂದಾಗ ಚಿತ್ರ ನಮ್ಮಿಂದ ಚಪ್ಪಾಳೆ ಬಯಸುತ್ತದೆಯೋ, ಅಳುಕು ಬಯಸುತ್ತದೆಯೋ ಎಂಬುದನ್ನು ಕ್ಯಾಮೆರಾ, ಸಂಗೀತ, ಸತ್ತವನ ಮುಖ ಎಷ್ಟು ಹೊತ್ತು ಕಾಣುತ್ತದೆ ಎಂಬುದರಿಂದ ತೋರಿಸಿದ್ದಕ್ಕೆ 5. ಭಾಷೆಗೆ 3. ಗ್ರಾಫಿಕ್ಸ್ ಚೆನ್ನಾಗಿದೆ, ನಟನೆ ಸೂಪರ್ ಎಂಬ ಮಾತಿಗೆ ಸೊನ್ನೆ.

ಸಾಕ್ಷಿಯ ಪಕ್ಕ ಎಷ್ಟನೇ ನಿಮಿಷ ಎಂದು ಕಡ್ಡಾಯವಾಗಿ ಬರೆಸಿ. ಯೂಟ್ಯೂಬ್ ವಿಮರ್ಶೆ ಕೇಳಿ ಬರೆದವನು ಅಲ್ಲೇ ಸಿಕ್ಕಿಬೀಳುತ್ತಾನೆ, ಅವನ ಬಳಿ ನಿಮಿಷ ಇರುವುದಿಲ್ಲ. ಒಂದೇ ಚಿತ್ರಕ್ಕೆ ಎರಡು ಮೂರು ಆವೃತ್ತಿ ಇದ್ದರೆ ಯಾವುದನ್ನು ನೋಡಿದ್ದು ಎಂದೂ ಬರೆಸಿ. ‘ವಾಚ್‌ಮೆನ್’ ಚಿತ್ರಮಂದಿರದಲ್ಲಿ 162 ನಿಮಿಷ, ನಿರ್ದೇಶಕರ ಆವೃತ್ತಿ 186, ಕೊನೆಯದು 215. ಒಬ್ಬ ನೋಡಿದ ದೃಶ್ಯ ಇನ್ನೊಬ್ಬನ ಚಿತ್ರದಲ್ಲಿ ಇರುವುದೇ ಇಲ್ಲ, ಆಮೇಲೆ ನಿರ್ಣಾಯಕರ ಮೇಲೆ ದೂರು.

ಹೆಸರಿನ ಮೇಲೆ ಚೀಟಿ ಅಂಟಿಸಿ ಇಬ್ಬರು ಬೇರೆ ಬೇರೆ ತಿದ್ದಿ. ಮೊದಲ ಮೂರು ಬರಹಗಳನ್ನು ಮಾತ್ರ ಕೂಡಿ ಕೂತು ತಿದ್ದಿ ಕೈ ಹದ ಮಾಡಿಕೊಳ್ಳಿ, ಇಲ್ಲದಿದ್ದರೆ ಒಬ್ಬರ 18 ಇನ್ನೊಬ್ಬರಿಗೆ 11 ಆಗುತ್ತದೆ. ಇಬ್ಬರ ನಡುವೆ 4ಕ್ಕಿಂತ ಹೆಚ್ಚು ಅಂತರ ಬಿದ್ದ ಹಾಳೆ ಮೂರನೆಯವರ ಕೈಗೆ ಹೋಗಲಿ.

2012ರ ಡ್ರೆಡ್‌ಗೆ ಬ್ರಿಟನ್ನಿನಲ್ಲಿ 18ರ ಪ್ರಮಾಣಪತ್ರ, 1995ರದಕ್ಕೆ 15. ನಿಮ್ಮ ಆವರಣದಲ್ಲೇ ಪಿಯು ಕಾಲೇಜೂ ಇದ್ದರೆ ಪ್ರದರ್ಶನದ ದಿನ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ಗುರುತಿನ ಚೀಟಿ ನೋಡಿಯೇ ಒಳಗೆ ಬಿಡಿ.
– ನಿವೃತ್ತ ಪ್ರಾಧ್ಯಾಪಕ, ಸೇಡಂ